ಒದ್ದೆ ಬಟ್ಟೆಯಲ್ಲಿ ಬಿನ್ನವತ್ತಳೆ

ನಮ್ಮ ಹೈಸ್ಕೂಲಿನ ಗುಮಾಸ್ತ ಚೆನ್ನಕೇಶವ ಕಂಪ್ಯೂಟರ್ ಕಲಿಯುತ್ತಿದ್ದಾನೆ ಎಂಬ ಸುದ್ದಿ ಗೊತ್ತಿಲ್ಲದವರು ಶಿಡ್ಲಘಟ್ಟದಲ್ಲಿ ಒಬ್ಬರೂ ಇರಲಿಲ್ಲ. ಇರುವುದಕ್ಕೆ ಅವನು ಬಿಟ್ಟಿರಲಿಲ್ಲ. ಭಾನುವಾರ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದರೆ, ಕಂಡಕ್ಟರು ಕೇಳದಿದ್ದರೂ "ಕಂಪ್ಯೂಟರ್ ಕ್ಲಾಸಿಗೆ, ಒಂದು ಟಿಕೆಟ್" ಎನ್ನುತ್ತಿದ್ದ. ಕ್ಷೌರದಂಗಡಿಯಲ್ಲಿ ಕತ್ತರಿ ಕಿವಿಯ ಹತ್ತಿರ ಬಂದಾಗಲೂ ಕರ್ಸರ್ ಎಂದರೇನೆಂದು ವಿವರಿಸುತ್ತಿದ್ದ. ಅವನ ಎದುರುಮನೆಯಲ್ಲಿ ಬಾಡಿಗೆಗಿದ್ದ, ಅದೇ ಶಾಲೆಯ ಗಣಿತದ ಮೇಷ್ಟ್ರಾದ ನನಗಂತೂ ಈ ಉಪನ್ಯಾಸಗಳು ಬೆಳಿಗ್ಗೆ ಹಾಲಿನ ಜೊತೆಗೇ ಬಾಗಿಲಿಗೆ ಬರುತ್ತಿದ್ದವು.

ಇದು ತೊಂಬತ್ತಮೂರನೇ ಇಸವಿಯ ಮಾತು. ಹಳೆಯ ವಿದ್ಯಾರ್ಥಿಗಳು ಸೇರಿ ಶಾಲೆಗೊಂದು ಕಂಪ್ಯೂಟರನ್ನೂ ಪ್ರಿಂಟರನ್ನೂ ಕಾಣಿಕೆ ಕೊಟ್ಟಿದ್ದರು. ಅದು ಹೆಡ್‌ಮಿಸ್ಟ್ರೆಸ್ ವಿಶಾಲಾಕ್ಷಮ್ಮನವರ ಕೋಣೆಯಲ್ಲಿ, ಕಸೂತಿ ಹಾಕಿದ ಬಟ್ಟೆ ಹೊದ್ದುಕೊಂಡು, ನೆಂಟರ ಮನೆಗೆ ಬಂದ ಮಡಿ ಹೆಂಗಸಿನಂತೆ ಯಾರನ್ನೂ ಮುಟ್ಟಿಸಿಕೊಳ್ಳದೆ ಕೂತಿತ್ತು. ವಿಶಾಲಾಕ್ಷಮ್ಮನವರು ಅದನ್ನು ತಿರುಗಿಯೂ ನೋಡಿದವರಲ್ಲ. ಅವರು ನಕ್ಕದ್ದನ್ನು ನೋಡಿದ್ದೇವೆ ಎಂದು ಹೇಳುವವರು ನಮ್ಮಲ್ಲಿ ಇಬ್ಬರು ಮೂವರಿದ್ದರು, ಅವರನ್ನು ಉಳಿದವರು ನಂಬುತ್ತಿರಲಿಲ್ಲ. ಆ ವಿಶಾಲಾಕ್ಷಮ್ಮನವರು ಆ ಶನಿವಾರ ನಿವೃತ್ತರಾಗುವವರಿದ್ದರು.

ನಿವೃತ್ತಿ ಎಂದ ಮೇಲೆ ಬಿನ್ನವತ್ತಳೆ ಇರಲೇಬೇಕಲ್ಲ. ದೊಡ್ಡವರ ಗುಣಗಾನವನ್ನು ದೊಡ್ಡ ದೊಡ್ಡ ಪದಗಳಲ್ಲಿ ಬರೆದು, ವೇದಿಕೆಯ ಮೇಲೆ ಓದಿ, ಕಟ್ಟು ಹಾಕಿಸಿ ಅವರ ಕೈಗೇ ಕೊಡುವುದು ನಮ್ಮ ಶಾಲೆಯ ಪದ್ಧತಿ. ಅದನ್ನು ಇದುವರೆಗೆ ಡ್ರಾಯಿಂಗ್ ಮೇಷ್ಟ್ರು ಬಣ್ಣದ ಶಾಯಿಯಲ್ಲಿ ಬರೆಯುತ್ತಿದ್ದರು. ಈ ಸಲ ಚೆನ್ನಕೇಶವ ಸ್ಟಾಫ್ ರೂಮಿನಲ್ಲಿ ಎದ್ದು ನಿಂತು, "ಈ ಸಲದ ಬಿನ್ನವತ್ತಳೆ ಕಂಪ್ಯೂಟರಿನಿಂದ ಬರುತ್ತೆ. ನಿಮ್ಮೆಲ್ಲರ ಕಣ್ಣೆದುರಿಗೇ, ನಮ್ಮ ಶಾಲೆಯ ಮಶೀನಿನಿಂದಲೇ ಬರುತ್ತೆ" ಎಂದು ಘೋಷಿಸಿದ. ಡ್ರಾಯಿಂಗ್ ಮೇಷ್ಟ್ರು ಕುಂಚವನ್ನು ತೊಳೆದು ಬೀರುವಿಗೆ ಹಾಕಿ ಬೀಗ ಜಡಿದರು. ಅವರಿಗೆ ಕೋಪ ಬಂದರೆ ಬೀಗ ಜಡಿಯುವುದು ರೂಢಿ.

ಬರೀ ಡೌಲಿಗೆ ಅವನು ಹೀಗೆ ಮಾಡಿದ ಎಂದುಕೊಂಡರೆ ತಪ್ಪಾದೀತು. ಕೆಲವು ವರ್ಷಗಳ ಹಿಂದೆ, ಕೆಲಸ ಇನ್ನೂ ಕಾಯಂ ಆಗುವ ಮೊದಲು, ಚೆನ್ನಕೇಶವ ಟೈಫಾಯ್ಡ್ ಬಂದು ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದ. ಆಡಳಿತ ಮಂಡಳಿಯವರು ಬೇರೆ ಗುಮಾಸ್ತನನ್ನು ಹುಡುಕಲು ಹೊರಟಾಗ ವಿಶಾಲಾಕ್ಷಮ್ಮನವರು ಬೇಡವೆಂದರು. ಸಂಜೆ ಶಾಲೆ ಬಿಟ್ಟ ಮೇಲೆ ಅವನ ಟೈಪ್‌ರೈಟರಿನ ಮುಂದೆ ಕೂತು ಒಂದೇ ಬೆರಳಿನಲ್ಲಿ ಟಕ್, ಟಕ್ ಎಂದು ಅವನ ಕೆಲಸವನ್ನೆಲ್ಲ ತಾವೇ ಮಾಡಿ ಮುಗಿಸಿದರು. ಅವನು ಹುಷಾರಾಗಿ ಬಂದ ದಿನ, "ನಿನ್ನ ಮಶೀನು ಸರಿ ಇಲ್ಲ, ಎಣ್ಣೆ ಬಿಡು" ಎಂದು ಬೈದರು, ಅಷ್ಟೇ. ಅಂದಿನಿಂದ ಅವನು ಅವರಿಗೊಂದು ಕೃತಜ್ಞತೆ ಹೇಳಬೇಕೆಂದು ನೂರು ಸಲ ಅವರ ಕೋಣೆಯ ಬಾಗಿಲವರೆಗೆ ಹೋಗಿದ್ದ. ಅವರು ಕನ್ನಡಕದ ಮೇಲಿನಿಂದ ನೋಡಿ "ಏನು?" ಎಂದ ಕೂಡಲೇ "ಚಾಕ್‌ಪೀಸ್ ಮುಗಿದಿದೆ ಮೇಡಂ" ಎಂದು ಹೇಳಿ ವಾಪಸು ಬರುತ್ತಿದ್ದ. ನಮ್ಮ ಶಾಲೆಯಲ್ಲಿ ಚಾಕ್‌ಪೀಸಿಗೆ ಎಂದೂ ಬರ ಬರಲಿಲ್ಲ. ಬಾಯಲ್ಲಿ ಬಾರದ ಆ ಮಾತನ್ನು ಅವನು ಬಿನ್ನವತ್ತಳೆಯ ನಟ್ಟನಡುವೆ ಸೇರಿಸಿದ್ದ. ಶನಿವಾರ ಅದನ್ನು ಓದಲಾಗದಿದ್ದರೆ, ಮತ್ತೆ ಓದುವುದಕ್ಕೆ ಮೇಡಂ ಶಾಲೆಗೆ ಬರುವುದಿಲ್ಲ.

ಶಾಲೆಯಲ್ಲಿ ಕರೆಂಟಿನ ಗ್ಯಾರಂಟಿ ಇಲ್ಲದ್ದರಿಂದ ಟೈಪು ಮಾಡಿದ್ದು ಚಿಕ್ಕಬಳ್ಳಾಪುರದ ಸಾದಿಕ್ ಪಾಷಾ ಅವರ ಕಂಪ್ಯೂಟರ್ ಸೆಂಟರಿನಲ್ಲಿ. ಕಲಿಯುವವರು ತಂತಮ್ಮ ಕೆಲಸವನ್ನು ತಂತಮ್ಮ ಫ್ಲಾಪಿಯಲ್ಲೇ ಇಟ್ಟುಕೊಳ್ಳಬೇಕು, ಸೆಂಟರಿನ ಮಶೀನಿನಲ್ಲಿ ಏನೂ ಉಳಿಸಬಾರದು ಎಂಬುದು ಅಲ್ಲಿಯ ಕಾನೂನು. ಬುಧವಾರ ಸಾದಿಕ್ ಪಾಷಾ ಅಗಲವಾದ, ಕಪ್ಪಗಿನ, ಬಾಗಿದರೆ ಬಾಗುವ ಫ್ಲಾಪಿಯನ್ನು ಅವನ ಕೈಗಿಟ್ಟು ಎಚ್ಚರಿಕೆ ಹೇಳಿದರು: "ಬಿಸಿಲು ತಾಗಬಾರದು. ಧೂಳು ಬೀಳಬಾರದು. ಒತ್ತಬಾರದು, ಮಡಿಸಬಾರದು. ಮೆತ್ತಗೆ ಹಿಡ್ಕೊಂಡು ಹೋಗಿ."

ಚೆನ್ನಕೇಶವ ಮನೆಗೆ ಬಂದು ಇದನ್ನೆಲ್ಲ ಹೆಂಡತಿ ವರಲಕ್ಷ್ಮಮ್ಮನಿಗೆ ಒಪ್ಪಿಸಿದ. ಕೇಳಿಸಿಕೊಂಡದ್ದು ಮಾತ್ರ ಅತ್ತೆ ಗಂಗುಲಮ್ಮ.

ಗಂಗುಲಮ್ಮ ದಿಬ್ಬೂರಹಳ್ಳಿಯವರು. ರೇಷ್ಮೆ ಹುಳು ಸಾಕುವುದರಲ್ಲಿ ಆ ಕಡೆಗೆಲ್ಲ ಹೆಸರುವಾಸಿ, ಅವರ ಕೈಯಲ್ಲಿ ಬೆಳೆ ಕೆಟ್ಟದ್ದಿಲ್ಲ. ಮಗಳನ್ನು ನೋಡಲು ಬಂದಿದ್ದರು. ಬಿಸಿಲು ಬೇಡ, ಧೂಳು ಬೇಡ, ಒತ್ತಬಾರದು ಎಂಬುದನ್ನು ಕೇಳಿ ಅವರ ಮುಖ ಅರಳಿತು.

"ಗೊತ್ತಾಯ್ತು ಬಿಡಿ ಅಳಿಯೋರೇ. ಮೊಟ್ಟೆ ಹಾಳೆ ತಂದಂಗೆ ತಾನೇ? ಇದನ್ನ ನಂಗೆ ಹೇಳ್ಕೊಡ್ಬೇಕಾ? ನೀವು ಕೈಕಾಲು ತೊಳ್ಕೊಳ್ಳಿ, ನಾನ್ ನೋಡ್ಕೊತೀನಿ."

ರೇಷ್ಮೆ ಮೊಟ್ಟೆಯ ಹಾಳೆಯನ್ನು ಮನೆಗೆ ತರುವವರು ಅದಕ್ಕೆ ಬಿಸಿ ತಾಗದಂತೆ ಒದ್ದೆ ಬಟ್ಟೆಯ ತಂಪಿನಲ್ಲಿ ತರುತ್ತಾರೆ. ನಮ್ಮ ಕಡೆ ಇದು ಚಿಕ್ಕಮಕ್ಕಳಿಗೂ ಗೊತ್ತು. ಗಂಗುಲಮ್ಮ ತಮ್ಮದೊಂದು ಹಳೆಯ ಸೀರೆಯ ತುಂಡನ್ನು ನೀರಿನಲ್ಲಿ ಅದ್ದಿ, ಹಿಂಡಿ, ಫ್ಲಾಪಿಯನ್ನು ಅದರಲ್ಲಿ ಮೆತ್ತಗೆ ಸುತ್ತಿ, ಬುಟ್ಟಿಯೊಳಗಿಟ್ಟು, ಬುಟ್ಟಿಯನ್ನು ಹಿತ್ತಲ ಬಾಗಿಲಿನ ನೀರಿನ ಕೊಳದಪ್ಪಲೆಯ ಪಕ್ಕದಲ್ಲಿಟ್ಟರು. ಮಲಗುವ ಮೊದಲು ಬಟ್ಟೆ ಒಣಗಿದೆಯೇನೋ ಎಂದು ಮುಟ್ಟಿ ನೋಡಿ, ಇನ್ನಷ್ಟು ನೀರು ಚಿಮುಕಿಸಿದರು.

ಬೆಳಿಗ್ಗೆ ಚೆನ್ನಕೇಶವ ಬುಟ್ಟಿ ತೆರೆದು ನೋಡಿ ಒಂದು ಕ್ಷಣ ತಬ್ಬಿಬ್ಬಾದ. ಆದರೆ ಅವನ ಕೋರ್ಸಿನಲ್ಲಿ ಒದ್ದೆ ಬಟ್ಟೆಯ ಪಾಠ ಬಂದಿರಲಿಲ್ಲ. ಬಾರದ ಪಾಠದ ಬಗ್ಗೆ ಅತ್ತೆಯ ಜೊತೆ ವಾದ ಮಾಡುವುದು ಹೇಗೆ? ಫ್ಲಾಪಿಯನ್ನು ಪಂಚೆಯ ತುದಿಗೆ ಒರೆಸಿ ಶಾಲೆಗೆ ತಂದ.

ವಿಶಾಲಾಕ್ಷಮ್ಮನವರು ಹತ್ತನೇ ಕ್ಲಾಸಿಗೆ ಇಂಗ್ಲಿಷ್ ಪಾಠಕ್ಕೆ ಹೋದ ಹೊತ್ತು ನೋಡಿ ನಾವೆಲ್ಲ ಅವರ ಕೋಣೆಗೆ ನುಗ್ಗಿದೆವು. ಚಪ್ಪಲಿಗಳನ್ನು ಹೊರಗೆ ಬಿಟ್ಟೆವು. ಈ ಊರಿನವರಿಗೆ ಕಂಪ್ಯೂಟರ್ ಹೊಸದಾದರೂ ಅದರ ಮಡಿ ಹೊಸದಲ್ಲ, ಹುಳುಮನೆಗೆ ಹೋಗುವವರೂ ಚಪ್ಪಲಿ ಹೊರಗೇ ಬಿಡುತ್ತಾರೆ. ಚೆನ್ನಕೇಶವ ಫ್ಲಾಪಿ ತೂರಿಸಿ ಗುಂಡಿ ಒತ್ತಿದ. ಮಶೀನು ಗರಗರ ಎಂದಿತು. ಪರದೆಯ ಮೇಲೆ ಫೈಲಿನ ಹೆಸರು ಮೂಡಿತು: ವಿಶಾಲ. ಎಲ್ಲರೂ ಚಪ್ಪಾಳೆ ತಟ್ಟಿದೆವು. ಅವನು ಜಂಬದಿಂದ ಇನ್ನೊಂದು ಗುಂಡಿ ಒತ್ತಿದ. ಮಶೀನು ಈ ಸಲ ಕೆಮ್ಮಿತು, ಕ್ಯಾಕರಿಸಿತು, ಆಮೇಲೆ ಇಂಗ್ಲಿಷಿನಲ್ಲಿ ಮೂರು ಪದ ಬರೆದು ಸುಮ್ಮನಾಯಿತು. ಅಬಾರ್ಟ್, ರೀಟ್ರೈ, ಫೇಲ್.

"ನಮ್ಮ ಶಾಲೆಯ ನೀರು ಕುಡಿದಿದೆಯಲ್ಲ, ಫೇಲ್ ಅನ್ನೋದನ್ನ ಆಗ್ಲೇ ಕಲಿತುಬಿಟ್ಟಿದೆ" ಎಂದರು ಪಿ.ಟಿ. ಮೇಷ್ಟ್ರು.

"ರೀಟ್ರೈ ಅಂತಾನೂ ಇದೆ ಸಾರ್" ಎಂದ ಚೆನ್ನಕೇಶವ ಹಣೆಯ ಬೆವರು ಒರೆಸಿಕೊಳ್ಳುತ್ತ. ರೀಟ್ರೈ ಒತ್ತಿದ. ಮಶೀನು ಅದೇ ಮೂರು ಪದಗಳನ್ನು ಮತ್ತೆ ಬರೆಯಿತು. ಅವನು ಮತ್ತೆ ಒತ್ತಿದ, ಅದು ಮತ್ತೆ ಬರೆಯಿತು. ಇಬ್ಬರಲ್ಲಿ ಯಾರು ಮೊದಲು ಸೋಲುತ್ತಾರೆ ಎಂದು ನಾವು ಉಸಿರು ಬಿಗಿಹಿಡಿದು ನೋಡುತ್ತಿದ್ದಾಗ ಬಾಗಿಲಲ್ಲಿ ವಿಶಾಲಾಕ್ಷಮ್ಮನವರು ಕಾಣಿಸಿದರು.

"ಏನಿದು ಗುಂಪು?"

ಪಿ.ಟಿ. ಮೇಷ್ಟ್ರು ಕಿಟಕಿಯ ಕಡೆ ನೋಡಿದರು, ಅದಕ್ಕೆ ಸರಳು ಇತ್ತು. ನಾನು ಗೋಡೆಯ ಮೇಲಿನ ಭೂಪಟದಲ್ಲಿ ಗೌರಿಬಿದನೂರನ್ನು ಹುಡುಕತೊಡಗಿದೆ.

"ಚಾಕ್‌ಪೀಸ್ ಮುಗಿದಿದೆ ಮೇಡಂ" ಎಂದ ಚೆನ್ನಕೇಶವ.

ಸಂಜೆ ಬೀದಿಗೆಲ್ಲ ಸುದ್ದಿ ಹಬ್ಬಿತು, ಚೆನ್ನಕೇಶವನ ಫೈಲು ತೆರೆಯಲಿಲ್ಲವಂತೆ ಎಂದು. ಗಂಗುಲಮ್ಮನಿಗೆ ಮಾತ್ರ ಗಾಬರಿಯೇ ಆಗಲಿಲ್ಲ. "ಹೊತ್ತಿಗೆ ಮುಂಚೆ ಕೆದಕಿದ್ರೆ ಯಾವುದು ತಾನೇ ತೆರ್ಕೊಳ್ತದೆ? ಮೊಟ್ಟೆ ನೀಲಿಗೆ ತಿರುಗಿದ ಮೇಲೆ ಕಪ್ಪು ಬಟ್ಟೆ ಸುತ್ತಿ ಕತ್ತಲಲ್ಲಿ ಇಡ್ಬೇಕು. ಆಮೇಲೆ ಬೆಳ್‌ಬೆಳಿಗ್ಗೆ ಒಂದೇ ಸಲ ಬೆಳಕಿಗೆ ತೆಗಿಬೇಕು. ಎಲ್ಲಾ ಒಟ್ಟಿಗೆ ಒಡೀತಾವೆ. ನಮ್ಮೂರಲ್ಲಿ ಎಲ್ರೂ ಇದೇ ಮಾಡೋದು."

"ಅತ್ತೆಮ್ಮ, ಅದರೊಳಗೆ ಮೊಟ್ಟೆ ಇಲ್ಲ. ಅಕ್ಷರ ಇದೆ."

"ಇರ್ಲಿ ಬಿಡಿ. ಅಕ್ಷರ ಏನು ಕಲ್ಲಾ?"

ಫ್ಲಾಪಿ ಕಪ್ಪು ಬಟ್ಟೆಯೊಳಗೆ, ಕಪ್ಪು ಬಟ್ಟೆ ಒದ್ದೆ ಬಟ್ಟೆಯೊಳಗೆ, ಅದೆಲ್ಲ ಪೆಟ್ಟಿಗೆಯೊಳಗೆ, ಪೆಟ್ಟಿಗೆ ಮಂಚದ ಕೆಳಗೆ ಸೇರಿತು. ಬಾಗಿಲಿಗೆ ಗೋಣಿಪರದೆ ಬಿತ್ತು. ಹುಳುಮನೆಯ ನಿಯಮಗಳೆಲ್ಲ ಜಾರಿಗೆ ಬಂದವು. ಊದಿನಕಡ್ಡಿ ಹಚ್ಚುವಂತಿಲ್ಲ, ಬೀಡಿ ಸೇದಿದವರು ಹತ್ತಿರ ಸುಳಿಯುವಂತಿಲ್ಲ, ಮೆಣಸಿನಕಾಯಿ ಘಾಟು ಏಳುವಂತಿಲ್ಲ. ಆಚೆ ಮನೆಯ ದಿಲ್ಷಾದ್ ಬೇಗಂ ಬಾಣಲೆ ಒಲೆಗಿಟ್ಟ ಕೂಡಲೇ ಗಂಗುಲಮ್ಮ ಗೋಡೆಯ ಮೇಲಿಂದ ಕೂಗಿದರು, "ಬೇಗಂ, ಒಗ್ಗರಣೆ ಹಾಕ್ಬೇಡಮ್ಮ, ನಮ್ಮ ಅಳಿಯೋರ ಕಂಪ್ಯೂಟರ್ ಕೆಡ್ತದೆ!"

"ಒಗ್ಗರಣೆ ಇಲ್ದೆ ಸಾರು ಹೆಂಗೆ ಮಾಡೋದು ಅಮ್ಮಾ? ನಮ್ಮ ಯಜಮಾನ್ರು ತಟ್ಟೆ ಎಸೀತಾರೆ!"

ಯಜಮಾನರಾದ ಬಷೀರ್ ಅಹಮದ್ ತಟ್ಟೆ ಎಸೆಯಲಿಲ್ಲ, ಸಪ್ಪೆ ಸಾರು ತಿಂದು ಕಾರಣ ವಿಚಾರಿಸಲು ನೇರವಾಗಿ ಇಲ್ಲಿಗೇ ಬಂದರು. ಅವರು ರೀಲರು, ಗೂಡಿನಿಂದ ನೂಲು ಬಿಚ್ಚಿಸುವ ಕಾರ್ಖಾನೆ ಇಟ್ಟವರು. ಮಾರುಕಟ್ಟೆಯಲ್ಲಿ ಅವರು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಹುಳು ಗಲಗಲ ಎನ್ನುವುದನ್ನು ಕೇಳಿಯೇ ಮಾಲು ಎಂಥದ್ದೆಂದು ಹೇಳಿಬಿಡುತ್ತಿದ್ದರು. ಗಂಗುಲಮ್ಮ ಬೇಡ ಬೇಡ ಎನ್ನುತ್ತಿದ್ದರೂ ಪೆಟ್ಟಿಗೆ ತೆಗೆಸಿ, ಫ್ಲಾಪಿಯನ್ನು ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಅಲ್ಲಾಡಿಸಿದರು. ಬೀದಿಯವರೆಲ್ಲ ಗೋಣಿಪರದೆಯ ಸಂದಿನಲ್ಲಿ ಇಣುಕುತ್ತಿದ್ದರು.

"ಸದ್ದೇ ಇಲ್ಲ ಕೇಶವಣ್ಣ" ಎಂದರು ಬಷೀರ್ ಅಹಮದ್ ದುಃಖದಿಂದ. "ಒಳಗೆ ಸತ್ತೋಗಿದೆ."

"ಅದು ಸದ್ದು ಮಾಡಲ್ಲ ಬಷೀರ್ ಸಾಬ್ರೇ!"

"ಸದ್ದು ಮಾಡ್ದೆ ಇರೋದು ಅಂದ್ರೆ ಹಾಳಾಗಿರೋ ಮಾಲೇ. ಡೌಟಿದ್ರೆ ಒಂದು ಮೂಲೆ ಕುಯ್ದು ನೋಡೋಣ." ಗೂಡು ಕುಯ್ದು ಪರೀಕ್ಷಿಸುವ ಬ್ಲೇಡು ಅವರ ಜೇಬಿನಲ್ಲಿ ಯಾವಾಗಲೂ ಇರುತ್ತಿತ್ತು. ಅದು ಹೊರಗೆ ಬಂತು.

ಚೆನ್ನಕೇಶವ ಹಾರಿ ಫ್ಲಾಪಿಯನ್ನು ಕಿತ್ತುಕೊಂಡ. ಕಿತ್ತುಕೊಳ್ಳುವಾಗ ಅದನ್ನು ಎದೆಗೆ ಒತ್ತಿ ಹಿಡಿದುಕೊಂಡ. ಸಾದಿಕ್ ಪಾಷಾ ಹೇಳಿದ ಎಚ್ಚರಿಕೆಗಳೆಲ್ಲ ಇದುವರೆಗೆ ಮುರಿಯದೆ ಉಳಿದಿದ್ದವು, ಒತ್ತಬಾರದು ಎಂಬುದು ಈಗ ಮುರಿಯಿತು.

ಇನ್ನು ಸುಮ್ಮನಿರುವುದು ಸರಿಯಲ್ಲವೆಂದು ನಾನೇ ಶುಕ್ರವಾರ ಎಸ್.ಟಿ.ಡಿ. ಬೂತಿನಿಂದ ಸಾದಿಕ್ ಪಾಷಾ ಅವರಿಗೆ ಫೋನು ಮಾಡಿದೆ. ಚೆನ್ನಕೇಶವನಿಗೆ ಗುರುಗಳ ಮುಂದೆ ಮುಖ ತೋರಿಸಲು ನಾಚಿಕೆ. "ಬಿನ್ನವತ್ತಳೆಯನ್ನ ಕೈಯಲ್ಲೇ ಬರೆದುಬಿಡಪ್ಪ" ಎಂದರೆ, ಅವನು ಕಾಗದದ ಮುಂದೆ ಕೂತು "ಪ್ರಾತಃಸ್ಮರಣೀಯರೇ" ಎಂದು ಬರೆದು, ಮುಂದಿನ ಪದ ನೆನಪಾಗದೆ ಪೆನ್ನು ಕಚ್ಚುತ್ತಿದ್ದ. ಪದಕೋಶ ಹಿಡಿದು ಕಟ್ಟಿದ ವಾಕ್ಯಗಳು ತಲೆಯಲ್ಲಿ ನಿಲ್ಲುವುದಿಲ್ಲ. ಮೂಲ ಹಾಳೆ ಎಲ್ಲಿ ಎಂದು ಕೇಳಿದ್ದಕ್ಕೆ ವರಲಕ್ಷ್ಮಮ್ಮ ತಾಯಿಯ ಮುಖ ನೋಡಿದಳು.

"ಕಂಪ್ಯೂಟರಿಗೆ ಹೋದ ಮೇಲೆ ಕಾಗದ ಯಾಕೆ ಅಂತ ಅಳಿಯೋರೇ ಬಿಸಾಕಿದ್ರು" ಎಂದರು ಗಂಗುಲಮ್ಮ. "ಒಳ್ಳೆ ಗಟ್ಟಿ ಹಾಳೆ. ನಿನ್ನೆ ಬೆಳಿಗ್ಗೆ ನನ್ನ ಮಗ ಗಂಗುಲಪ್ಪನ ಕೈಲಿ ಊರಿಗೆ ಕಳಿಸ್ದೆ. ಹುಳದ ತಟ್ಟೆಗೆ ಹಾಸಿದಾನೆ."

"ಹಾಗಾದ್ರೆ ತರಿಸಿ ಅಮ್ಮಾ! ಬಸ್ಸಿಗೆ ಎಷ್ಟು ಹೊತ್ತು?" ಎಂದೆ ನಾನು.

"ಅಯ್ಯೋ ದೇವುಡಾ! ಹುಳಗಳು ಜ್ವರಕ್ಕೆ ಕೂತಿದಾವೆ ಮೇಷ್ಟ್ರೇ!" ಹುಳು ಪೊರೆ ಬಿಡುವ ಮೊದಲು ಮೇವು ಬಿಟ್ಟು ಅಲುಗಾಡದೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ, ಆಗ ಅವನ್ನು ಮುಟ್ಟುವಂತಿಲ್ಲ. "ಜ್ವರದಲ್ಲಿ ಇರೋ ಮಕ್ಕಳ ಹಾಸಿಗೆ ಎಳೀತಾರಾ ಯಾರಾದ್ರೂ? ನಿಮ್ಮ ಮೇಡಂನೇ ಬೇಕಾದ್ರೆ ಕೇಳಿ."

ನಾನು ಕೇಳಲಿಲ್ಲ. ಜ್ವರದವನ ಹಾಸಿಗೆಯನ್ನು ಎಳೆಯಲು ಬಿಡದವರು ಯಾರೆಂದು ನಮ್ಮ ಶಾಲೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಶನಿವಾರ ಬೆಳಿಗ್ಗೆ ಸೂರ್ಯನ ಮೊದಲ ಬೆಳಕಿಗೆ ಗಂಗುಲಮ್ಮ ಕಪ್ಪು ಬಟ್ಟೆ ಬಿಚ್ಚಿದರು. ಬೀದಿಯವರು ಸ್ನಾನ ಮುಗಿಸಿಕೊಂಡೇ ಬಂದಿದ್ದರು. ಅದೇ ಹೊತ್ತಿಗೆ ಮೊದಲ ಬಸ್ಸಿನಲ್ಲಿ ಇಳಿದ ಸಾದಿಕ್ ಪಾಷಾ ಗೋಣಿಪರದೆ ಸರಿಸಿ ಒಳಗೆ ಕಾಲಿಟ್ಟರು. ಕಾಲು ತೊಳೆದೇ ಬರಬೇಕೆಂದು ಗಂಗುಲಮ್ಮ ಅವರನ್ನು ವಾಪಸು ಕಳಿಸಿದರು. ತೊಳೆದು ಬಂದು ಫ್ಲಾಪಿಯನ್ನು ಕೈಗೆತ್ತಿಕೊಂಡು ಓರೆ ಮಾಡಿದರು. ಅದರ ಮೂಲೆಯಿಂದ ಒಂದು ಹನಿ ನೀರು ಅವರ ಹೊಸ ಪ್ಯಾಂಟಿನ ಮೇಲೆ ಬಿತ್ತು.

"ಇದಕ್ಕೆ ಸ್ನಾನ ಮಾಡಿಸಿದ್ದು ಯಾರು?"

"ಸ್ನಾನ ಎಲ್ಲಪ್ಪಾ, ಬರೀ ಒದ್ದೆ ಬಟ್ಟೆ" ಎಂದರು ಗಂಗುಲಮ್ಮ.

"ಅಮ್ಮಾ, ಬಿಸಿಲಿಗೆ ಇಡಬೇಡಿ ಅಂತ ನಾನು ಹೇಳಿದ್ದು. ನೀರಲ್ಲಿ ಇಡಿ ಅನ್ಲಿಲ್ಲ!"

"ಒದ್ದೆ ಬಟ್ಟೆ ಇಲ್ದೆ ತಂಪು ಎಲ್ಲಿಂದ ಬರ್ತದೆ? ನಿಮ್ಮನೇಲಿ ಯಾರೂ ಹುಳ ಸಾಕ್ಲಿಲ್ವಾ?"

"ಸಾಕ್ತಿದ್ರು, ನಮ್ಮಜ್ಜಿ..."

"ಮತ್ತೆ?"

ಸಾದಿಕ್ ಪಾಷಾ ಪ್ಯಾಂಟಿನ ಮೇಲಿನ ಹನಿ ಒರೆಸಿಕೊಂಡರು. ಅಜ್ಜಿಯ ಎದುರು ವಾದ ಮಾಡಿ ಅಭ್ಯಾಸವಿದ್ದಂತೆ ಕಾಣಲಿಲ್ಲ. ಆಮೇಲೆ ಶಾಲೆಗೆ ಹೋಗಿ, ಫ್ಲಾಪಿಯನ್ನು ಫ್ಯಾನಿನ ಕೆಳಗೆ ಒಣಗಿಸಿ, ತಮಗೆ ಬಂದ ವಿದ್ಯೆಯನ್ನೆಲ್ಲ ಪ್ರಯೋಗಿಸಿದರು. ಪ್ರತಿ ಸಲವೂ ಹೆಸರು ಮಾತ್ರ ಬರುತ್ತಿತ್ತು. ಕೊನೆಗೆ ಕೈ ಒರೆಸಿಕೊಂಡು, "ಒಳಗೆ ಏನೂ ಉಳಿದಿಲ್ಲ ಚೆನ್ನಕೇಶವ ಅವರೇ" ಎಂದರು. ಬಷೀರ್ ಅಹಮದ್ ಕಿಟಕಿಯ ಹೊರಗಿನಿಂದ, "ನಾನು ಮೊದ್ಲೇ ಹೇಳ್ಲಿಲ್ವಾ?" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಡ್ರಾಯಿಂಗ್ ಮೇಷ್ಟ್ರ ಮನೆಗೆ ಓಡಿದೆವು. ಬೀರುವಿನ ಬೀಗದ ಕೈ ಸಮೇತ ಅವರು ಬೆಂಗಳೂರಿಗೆ ಮದುವೆಗೆ ಹೋಗಿದ್ದರು.

ಸಂಜೆ ಶಾಲೆಯ ಸಭಾಂಗಣ ತುಂಬಿತು. ಮುಂದಿನ ಸಾಲಿನಲ್ಲಿ ಗಂಗುಲಮ್ಮ, ವರಲಕ್ಷ್ಮಮ್ಮ, ದಿಲ್ಷಾದ್ ಬೇಗಂ. ವೇದಿಕೆಯ ಮೇಲೆ ಆಡಳಿತ ಮಂಡಳಿಯ ಅಧ್ಯಕ್ಷರಾದ ವೆಂಕಟೇಶಮೂರ್ತಿಗಳು, ಅವರ ಪಕ್ಕದಲ್ಲಿ, ಯಾರದೋ ತಪ್ಪಿಗೆ ಕಾಯುತ್ತಿರುವವರಂತೆ ನೆಟ್ಟಗೆ ಕೂತ ವಿಶಾಲಾಕ್ಷಮ್ಮನವರು. ಹಾರ ಆಯಿತು, ಶಾಲು ಆಯಿತು. ಅಧ್ಯಕ್ಷರು ಮೈಕಿನಲ್ಲಿ, "ಈಗ ನಮ್ಮ ತಾಲೂಕಿನ ಪ್ರಪ್ರಥಮ ಕಂಪ್ಯೂಟರ್ ಬಿನ್ನವತ್ತಳೆ" ಎಂದರು. ಅವರಿಗೆ ಯಾರೂ ವಿಷಯ ತಿಳಿಸಿರಲಿಲ್ಲ. ತಿಳಿಸುವ ಕೆಲಸ ಗುಮಾಸ್ತನದು.

ಚೆನ್ನಕೇಶವ ಎದ್ದು ಬಂದ. ಚಿಂತಾಮಣಿಯಿಂದ ತರಿಸಿದ್ದ ಚಿನ್ನದ ಬಣ್ಣದ ಅಂಚಿನ ಗಾಜಿನ ಕಟ್ಟು ಅವನ ಕೈಯಲ್ಲಿತ್ತು, ಒಳಗೆ ಏನೂ ಇರಲಿಲ್ಲ. ಮೈಕಿನ ಮುಂದೆ ನಿಂತ. ಬಾಯಿ ತೆರೆದ. ವಿಶಾಲಾಕ್ಷಮ್ಮನವರು ಕನ್ನಡಕದ ಮೇಲಿನಿಂದ ನೋಡಿದರು. ಅವನ ತುಟಿ ಚಾಕ್‌ಪೀಸ್ ಎನ್ನುವ ಆಕಾರಕ್ಕೆ ಬರುತ್ತಿರುವುದು ನನಗೆ ಸ್ಪಷ್ಟವಾಗಿ ಕಾಣಿಸಿತು.

ಆಗ ಕರೆಂಟು ಹೋಯಿತು.

ಕತ್ತಲಲ್ಲಿ ಹುಡುಗರು ಶಿಳ್ಳೆ ಹಾಕಿದರು, ಯಾರೋ ಬೆಂಚು ಉರುಳಿಸಿದರು. "ಗಲಾಟೆ ಮಾಡ್ಬೇಡ್ರೋ!" ಎಂದು ಗಂಗುಲಮ್ಮನ ಧ್ವನಿ ಗದರಿತು. "ಕತ್ತಲಲ್ಲಿ ಇರೋವಾಗ ಅಲ್ಲಾಡಿಸಬಾರದು. ಸುಮ್ನೆ ಕೂತ್ಕೊಳ್ಳಿ." ಆಶ್ಚರ್ಯವೆಂದರೆ ಎಲ್ಲರೂ ಸುಮ್ಮನಾದರು. ಹುಳುಮನೆಯ ಶಿಸ್ತು ನಮ್ಮವರ ರಕ್ತದಲ್ಲಿದೆ. ಸ್ವಲ್ಪ ಹೊತ್ತಿಗೆ ಟ್ಯೂಬ್‌ಲೈಟುಗಳೆಲ್ಲ ಒಂದೇ ಸಲ ಝಗ್ಗನೆ ಹೊತ್ತಿಕೊಂಡವು.

"ಮೇಡಂ, ನಂಗೆ ಟೈಫಾಯ್ಡ್ ಬಂದಿತ್ತಲ್ಲ" ಎಂದ ಚೆನ್ನಕೇಶವ.

ಮೈಕು ಕಿರುಚಿತು. ಅವನು ನಿಲ್ಲಿಸಲಿಲ್ಲ.

"ಆವಾಗ ನೀವು ನನ್ನ ಟೈಪ್‌ರೈಟರಲ್ಲಿ ಒಂದೇ ಬೆರಳಲ್ಲಿ ಟೈಪ್ ಮಾಡ್ತಿದ್ರಂತೆ. ಬೆರಳ ತುದಿಗೆ ಬಟ್ಟೆ ಕಟ್ಕೊಂಡಿದ್ರಿ ಅಂತ ಜವಾನ ಹೇಳ್ದ. ನನ್ನ ಕೆಲಸ ಉಳಿಸಿದ್ರಿ. ಮಶೀನಿಗೆ ಎಣ್ಣೆ ಬಿಡು ಅಂದ್ರಿ. ನಾನು ಬಿಟ್ಟೆ. ಆದ್ರೆ ನಿಮಗೆ ಥ್ಯಾಂಕ್ಸ್ ಹೇಳೋಕೆ ಬಾಯೇ ಬರ್ಲಿಲ್ಲ. ಅದಕ್ಕೇ ಕಂಪ್ಯೂಟರಲ್ಲಿ ಬರೆದಿದ್ದೆ. ನಂಗೆ ಎಲ್ಲಾ ಬೆರಳಲ್ಲೂ ಹೊಡಿಯೋಕೆ ಬರುತ್ತೆ ಮೇಡಂ. ಇದನ್ನ ಮಾತ್ರ ಒಂದೇ ಬೆರಳಲ್ಲಿ ಹೊಡೆದೆ. ಅದು ಹಾಳಾಯ್ತು. ನಮ್ಮತ್ತೆಯವರು ತುಂಬಾ ಚೆನ್ನಾಗಿ ನೋಡ್ಕೊಂಡ್ರು, ಆದ್ರೂ ಹಾಳಾಯ್ತು."

ಅಧ್ಯಕ್ಷರು ಕರವಸ್ತ್ರ ಹುಡುಕುತ್ತಿದ್ದರು. ವಿಶಾಲಾಕ್ಷಮ್ಮನವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

"ಸಾಕು ಚೆನ್ನಕೇಶವ. ಕೂತ್ಕೋ" ಎಂದರು. ಆಮೇಲೆ ನಕ್ಕರು. ಇಡೀ ಊರೇ ನೋಡಿದ್ದರಿಂದ ಈ ಸಲ ನಂಬದೆ ವಿಧಿಯಿರಲಿಲ್ಲ.

ಗಂಗುಲಮ್ಮ ಎದ್ದು ನಿಂತು ಹಿಂದಿನ ಸಾಲುಗಳ ಕಡೆ ತಿರುಗಿದರು. "ನೋಡಿದ್ರಾ? ಕತ್ತಲಲ್ಲಿ ಇಟ್ಟು ಒಂದೇ ಸಲ ಬೆಳಕು ಬಿಟ್ರೆ ಒಡೀತದೆ ಅಂತ ನಾನು ಹೇಳಿರ್ಲಿಲ್ವಾ?" ಸಾದಿಕ್ ಪಾಷಾ ಕೂಡ ಹೌದೆಂದು ತಲೆಯಾಡಿಸಿದರು.

ಖಾಲಿ ಕಟ್ಟನ್ನು ಕೊಡುವುದು ಅಪಶಕುನವೆಂದು ಯಾರೋ ಹೇಳಿದ್ದರಿಂದ ಅದರೊಳಗೆ ಆ ಫ್ಲಾಪಿಯನ್ನೇ ಹಾಕಿ ಕೊಟ್ಟೆವು. ಎಷ್ಟೋ ದಿನಗಳಾದ ಮೇಲೆ ಚಿಂತಾಮಣಿಯಲ್ಲಿ ವಿಶಾಲಾಕ್ಷಮ್ಮನವರ ಮನೆಗೆ ಹೋದಾಗ ನೋಡಿದೆ, ಅದು ನಡುಮನೆಯ ಗೋಡೆಯ ಮೇಲಿತ್ತು. ಅವರ ಮನೆಗೆ ಬಂದಿದ್ದ ನೆಂಟರೊಬ್ಬರು, "ಇದೇನಕ್ಕಾ ಕರ‍್ರಗಿದೆ?" ಎಂದು ಕೇಳಿದರು.

"ನನ್ನ ಬಿನ್ನವತ್ತಳೆ. ನನ್ನ ಗುಣಗಾನ ಅದರಲ್ಲಿದೆ. ಯಾರ ಕೈಲೂ ತೆಗಿಯೋಕೆ ಆಗ್ಲಿಲ್ಲ, ಅದಕ್ಕೇ ಇವತ್ತಿನವರೆಗೂ ಅದು ಸುಳ್ಳು ಅಂತ ಒಬ್ರೂ ಹೇಳಿಲ್ಲ" ಎಂದರು ವಿಶಾಲಾಕ್ಷಮ್ಮನವರು, ಮುಖದ ಗೆರೆಯೂ ಅಲುಗದಂತೆ.

ಹೇಳುತ್ತಲೇ ಎದ್ದು ಹೋಗಿ ಕಿಟಕಿಯ ಒಂದು ಬಾಗಿಲು ಮುಚ್ಚಿ ಬಂದರು. ಮಧ್ಯಾಹ್ನದ ಬಿಸಿಲು ಗೋಡೆಯ ಮೇಲೆ ಸರಿಯುತ್ತ ಆ ಕಟ್ಟಿನ ಹತ್ತಿರಕ್ಕೆ ಬಂದಿತ್ತು.

"ಬಿಸಿಲು ತಾಗಬಾರದು ಅಂತ ಹೇಳಿದಾರಲ್ಲ" ಎಂದರು.